ನಾಲ್ಕು ಕಿತ್ತಳೆ ಟವೆಲು

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬೀಡಿ ಕಟ್ಟುತ್ತಾ ಓದಿ ಪಾಸಾದವಳು, ಹೇಳಿಕೊಳ್ಳಲು ಸಂಕೋಚವೇನಿಲ್ಲ. ಕತಾರಿನ ದೋಹಾದಲ್ಲಿ, ಅಲ್ ಸದ್ದ್ ಎಂಬ ಬಡಾವಣೆಯಲ್ಲಿ ಆಫೀಸು ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ ಊರಿನ ಅನಾಥಾಶ್ರಮದ ಸಿಸ್ಟರ್ ಒಬ್ಬರು ಫೋನ್ ಮಾಡಿದರು. ಅಲ್ಲೇ ಬೆಳೆದ ಅನಾಥ ಹುಡುಗಿಯೊಬ್ಬಳು ದೋಹಾದ ಹಲ್ಲಿನ ಕ್ಲಿನಿಕ್ಕಿಗೆ ರಿಸೆಪ್ಶನಿಸ್ಟ್ ಆಗಿ ಬರುತ್ತಿದ್ದಾಳೆ, ಸ್ವಲ್ಪ ನೋಡಿಕೊ ಎಂದರು. ನನಗೆ ದಾರಿ ಹೇಳಿಕೊಟ್ಟವರು ಯಾರೂ ಇರಲಿಲ್ಲ. ಹಾಗಾಗಿ ಇನ್ನೊಬ್ಬರಿಗೆ ಹೇಳಿಕೊಡುವುದೆಂದರೆ ನನಗೆ ಖುಷಿ.

ಬಂದವಳು ಬ್ಯಾಂಕ್ ಕಾರ್ಡು, ಬಸ್ಸು, ಟ್ಯಾಕ್ಸಿಯವರ ಹತ್ತಿರ ಮಾತಾಡುವ ಬಗೆ, ಎಲ್ಲವನ್ನೂ ಬೇಗ ಕಲಿತಳು. ‘ಯಲ್ಲಾ ಅಕ್ಕ, ಲೇಟಾಯ್ತು’ ಎಂದು ಅರಬರ ಹಾಗೆ ಅವಸರಪಡಿಸಿ ನನ್ನನ್ನೇ ಎಳೆದುಕೊಂಡು ಹೋಗುವಷ್ಟಾದಳು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆಗ ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಿಂದ ಫೋನ್ ಬಂತು. ಅವಳು ಅಲ್ಲಿ ಮೂವರು ಮಲಯಾಳಿ ನರ್ಸುಗಳ ಜೊತೆ ಒಂದು ಫ್ಲ್ಯಾಟಿನಲ್ಲಿದ್ದಳು. ಅವರಲ್ಲಿ ಹಿರಿಯರನ್ನು ಎಲ್ಲರೂ ಚೇಚಿ, ಅಂದರೆ ಅಕ್ಕ, ಎನ್ನುತ್ತಿದ್ದರು. ಫೋನಿನಲ್ಲಿ ಚೇಚಿ ಹಿಂದಿ, ಮಲಯಾಳ ಬೆರೆಸಿ ಬೈದರು. ಡ್ಯೂಟಿ ಮುಗಿಸಿ ಬಂದರೆ ಫ್ರಿಜ್ಜಿನಲ್ಲಿಟ್ಟ ಮೀನು ಸಾರು ಇರುವುದಿಲ್ಲ. ಶಾಂಪೂ ಅರ್ಧ ಖಾಲಿ. ಸ್ನಾನಕ್ಕೆ ಹೊರಟರೆ ಟವೆಲು ಒದ್ದೆ. ಶುಕ್ರವಾರದೊಳಗೆ ಬೇರೆ ರೂಮು ನೋಡಿಕೊಳ್ಳಲಿ, ಖಲಾಸ್.

ಹುಡುಗಿಯನ್ನು ಕೇಳಿದರೆ ಅವಳಿಗೇ ಆಶ್ಚರ್ಯ. ‘ಫ್ರಿಜ್ಜಲ್ಲಿ ಇಟ್ಟದ್ದು ಎಲ್ಲರಿಗೂ ಅಲ್ವಾ ಅಕ್ಕ? ನಂದೂ ಅಲ್ಲೇ ಇಡ್ತೇನಲ್ಲ.’

ಆಶ್ರಮದ ಕಪಾಟುಗಳಿಗೆ ಬಾಗಿಲೇ ಇರಲಿಲ್ಲವಂತೆ. ಯಾರಿಗೆ ಏನು ಬಂದರೂ ಊಟದ ಮೇಜಿಗೆ. ಬಚ್ಚಿಟ್ಟರೆ ಬೈಗುಳ. ಟವೆಲುಗಳಲ್ಲಿ ಯಾವುದು ಒಣಗಿದೆಯೋ ಅದು ಅವತ್ತಿಗೆ ಅವಳದು.

ಆಮೇಲೆ ಮೆಲ್ಲನೆ ಕೇಳಿದಳು: ‘ಇವರು ಕಳಿಸಿದ್ರೆ ನಾನು ಎಲ್ಲಿಗೆ ಹೋಗೋದು? ಆಶ್ರಮದಲ್ಲಿ ನನ್ನ ಮಂಚಕ್ಕೆ ಬೇರೆ ಮಗು ಬಂದಾಯ್ತು.’

ನಮ್ಮ ಫ್ಲ್ಯಾಟಿನಲ್ಲಿ ಆಗಲೇ ಎರಡು ಸಂಸಾರ. ಅವಳಿಗೆ ಆ ರೂಮು ಉಳಿಯಲೇಬೇಕಿತ್ತು.

ಗುರುವಾರ ಸಂಜೆ ಅಂಗಡಿಗೆ ಕರೆದುಕೊಂಡು ಹೋಗಿ, ನಿನ್ನದೇ ಅಂತ ಒಂದು ಟವೆಲು ಆರಿಸು ಎಂದೆ. ತುಂಬಾ ಹೊತ್ತು ನಿಂತಳು. ಯಾವ ಬಣ್ಣ ಬೇಕು ಎಂದು ಅವಳನ್ನು ಯಾರೂ ಕೇಳಿರಲಿಲ್ಲ. ಕೊನೆಗೆ ಕಣ್ಣು ಕುಕ್ಕುವ ಕಿತ್ತಳೆ ಬಣ್ಣದ್ದಕ್ಕೆ ಕೈ ಹಾಕಿದಳು. ನಾನು ಸೋಪು ತರಲು ಹೋಗಿ ಬರುವಷ್ಟರಲ್ಲಿ ಕೌಂಟರಿನ ಮೇಲೆ ನಾಲ್ಕು ಕಿತ್ತಳೆ ಟವೆಲುಗಳಿದ್ದವು.

‘ನಂಗೆ ಮಾತ್ರ ಹೊಸದು ತಗೊಂಡ್ರೆ ಅವರಿಗೆ ಬೇಜಾರಾಗ್ತದೆ.’

‘ಎಂತ ಮಾರಾಯ್ತಿ, ನಾಲ್ಕೂ ಒಂದೇ ಬಣ್ಣ! ನಿಂದು ಯಾವುದು ಅಂತ ಹೇಗೆ ಗೊತ್ತಾಗ್ತದೆ?’

‘ಒಣಗಿದ್ದು,’ ಎಂದಳು.

ಶುಕ್ರವಾರ ಅಲ್ಲಿ ರಜೆ; ಚರ್ಚಿನಲ್ಲಿ ಪೂಜೆ ಮುಗಿಸಿ ನಾನೂ ಜೊತೆಗೆ ಹೋದೆ. ಅವಳು ಟವೆಲುಗಳನ್ನು ಚೇಚಿಯ ಮುಂದಿಟ್ಟು, ಅಲ್ಲಿಯವರೆಗೆ ಆ ಮನೆಯಲ್ಲಿ ಯಾರಿಗೂ ಹೇಳದಿದ್ದ ಆಶ್ರಮದ ವಿಷಯವನ್ನು ಹರುಕು ಹಿಂದಿಯಲ್ಲಿ ತಾನೇ ಹೇಳಿದಳು. ಚೇಚಿ ಎದ್ದು ಫ್ರಿಜ್ಜಿನ ನಡುವಿನ ಶೆಲ್ಫ್ ಖಾಲಿ ಮಾಡಿದರು. ಇದು ನಿನ್ನದು, ಯಾರಿಗೂ ಕೊಡಬೇಕಾಗಿಲ್ಲ, ಬೇರೆಯವರದ್ದಕ್ಕೆ ಕೇಳದೆ ಕೈ ಹಾಕಬೇಡ ಎಂದರು. ಅವಳು ತನ್ನ ಮೊಸರು, ಸೇಬು, ಒಂದು ಡಬ್ಬಿ ಖರ್ಜೂರ ಜೋಡಿಸಿದಳು. ಬಾಗಿಲು ಮುಚ್ಚುವ ಮೊದಲೇ ಚೇಚಿ ಬೇಕೆಂದೇ ಆ ಡಬ್ಬಿಗೆ ಕೈ ಹಾಕಿದರು.

ಅವಳು ನನ್ನ ಮುಖ ನೋಡಿದಳು. ನಾನು ಗೋಡೆ ನೋಡಿದೆ.

‘ಚೇಚಿ,’ ಎಂದಳು. ‘ಅದು ನಂದು. ಕೇಳಿ ತಗೊಳ್ಳಿ.’

ಉಳಿದಿಬ್ಬರು ನರ್ಸುಗಳು ಚಪ್ಪಾಳೆ ತಟ್ಟಿದರು. ಚೇಚಿ ಕೈ ಹಿಂದಕ್ಕೆ ತೆಗೆದುಕೊಂಡು, ಶಾಲೆಯ ಮಗುವಿನ ಹಾಗೆ ಖರ್ಜೂರ ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಹುಡುಗಿ ಯೋಚಿಸಿದಳು. ಅಷ್ಟು ಹೊತ್ತು ಯೋಚಿಸಬಹುದು ಎನ್ನುವುದೇ ಅವಳಿಗೆ ಮಜಾ ಎನಿಸಿರಬೇಕು.

‘ಒಂದು,’ ಎಂದಳು.

ಚೇಚಿ ಒಂದನ್ನೇ ತೆಗೆದುಕೊಂಡರು. ರೂಮು ಬಿಡುವ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.