ಲಾರಿಗೆ ಕ್ಯಾಮೆರಾ ಕೂರಿಸಿದ ಭಾನುವಾರ

ನಮ್ಮ ಲಾರಿಗೆ ಹಿಂಬದಿಯಲ್ಲಿ ಕಿಟಕಿ ಇರಲಿಲ್ಲ. ಬೇಡವೆಂದವರು ನನ್ನ ಗಂಡನೇ. ಸಕ್ಕರೆ ಕಾಯಿಲೆಯಿಂದ ಅವರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದ ಮೇಲೆ ಹಳೆಯ ಸಣ್ಣ ಲಾರಿಯೊಂದನ್ನು ಕೊಂಡು, ಈಗ ನಾವಿರುವ ಪುಚೊಂಗ್‌ನ ಒಂದು ಗ್ಯಾರೇಜಿನಲ್ಲಿ ತಮಗೆ ಬೇಕಾದ ಹಾಗೆ ಕಟ್ಟಿಸಿಕೊಂಡರು. ಹಿಂದಿನ ಬಾಗಿಲನ್ನು ಕೆಳಗಿಳಿಸಿದರೆ ಅದೇ ಇಳಿಜಾರು ಹಲಗೆಯಾಗುತ್ತದೆ. ಗಾಲಿಕುರ್ಚಿ ಸಮೇತ ಒಳಗೆ ಹೋಗಿ ಡ್ರೈವರಿನ ಬೆನ್ನಿಗೇ ಕೂರಬಹುದು. ಒಳಗೋಡೆಗೆ ಸ್ಪಂಜು, ಅದರ ಮೇಲೆ ಕಂದು ರೆಕ್ಸಿನ್. ಪಿನಾಂಗ್‌ನ ಬಯಾನ್ ಲೆಪಾಸ್‌ನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಯಂತ್ರ ರಿಪೇರಿ ಮಾಡಿದ ಮನುಷ್ಯ. ಪ್ರತಿ ಬೋಲ್ಟಿನ ಜಾಗವನ್ನೂ ಮೊದಲೇ ಕಾಗದದ ಮೇಲೆ ಬರೆದುಕೊಂಡಿದ್ದರು. ಲಾರಿಯನ್ನು ಹಿಂದಕ್ಕೆ ತೆಗೆಯುವವಳು ನಾನು ಎಂಬುದು ಮಾತ್ರ ಆ ಕಾಗದದಲ್ಲಿ ಇರಲಿಲ್ಲ.

ಮೊದಮೊದಲು ಅದರಿಂದ ತೊಂದರೆಯಾಗಲಿಲ್ಲ. ಸೋಮವಾರ, ಬುಧವಾರ, ಶುಕ್ರವಾರ ಅವರಿಗೆ ಡಯಾಲಿಸಿಸ್. ಆ ಕೇಂದ್ರ ಅಂಗಡಿ ಸಾಲಿನ ಕೊನೆಯಲ್ಲಿದೆ. ಗಾಲಿಕುರ್ಚಿಗೆ ದಾರಿಯಿರುವುದು ಹಿಂಬಾಗಿಲಿನಲ್ಲಿ ಮಾತ್ರ. ಅಲ್ಲಿಗೆ ಹೋಗಬೇಕಾದರೆ ಎರಡು ಕಂಬಗಳ ನಡುವೆ ಲಾರಿಯನ್ನು ಹಿಂದಕ್ಕೆ ನುಗ್ಗಿಸಬೇಕು. ಸುಬಾಂಗ್ ಜಯಾದಿಂದ ಅಳಿಯ ಬಂದು, ಹಿಂದೆ ನಿಂತು ಕೈಸನ್ನೆ ಮಾಡುತ್ತಿದ್ದ. ಕೊರೊನಾ ಬಂತು, ಸಂಚಾರ ನಿರ್ಬಂಧ ಬಂತು, ವಾಹನದಲ್ಲಿ ರೋಗಿ ಮತ್ತು ಚಾಲಕರಷ್ಟೇ ಎಂದಾಯಿತು. ಅಳಿಯ ಮನೆಯಲ್ಲಿ ಉಳಿದ. ಕೇಂದ್ರದ ಕಾವಲುಗಾರನೂ ಜ್ವರ ನೋಡುವ ಮೇಜು ಬಿಟ್ಟು ಕದಲುವಂತಿರಲಿಲ್ಲ.

ಮೊದಲ ಸೋಮವಾರವೇ ಎಡಗಡೆಯ ಕಂಬಕ್ಕೆ ಹೊಡೆದೆ. ಅವರಿಗೆ ಏಟಾಗಲಿಲ್ಲ. ಆದರೆ ಅವರು ಮೊಣಕೈ ಊರುವ ಜಾಗದಲ್ಲೇ ಒಳಹಲಗೆ ಗೋಡೆಯಿಂದ ಕಿತ್ತು ಬಂತು, ರೆಕ್ಸಿನ್ ಗೇಣುದ್ದ ಹರಿಯಿತು.

ಬುಧವಾರ ನನಗೆ ಧೈರ್ಯ ಬರಲಿಲ್ಲ. ಲಾರಿಯನ್ನು ಮುಂಬಾಗಿಲಿನಲ್ಲಿ ನಿಲ್ಲಿಸಿದೆ. ಅಲ್ಲಿ ಮೂರು ಮೆಟ್ಟಿಲು. ಇಬ್ಬರು ನರ್ಸ್‌ಗಳು ಮೈತುಂಬ ಪ್ಲಾಸ್ಟಿಕ್ ಗೌನು ತೊಟ್ಟು ಬಂದು ಅವರನ್ನು ಕುರ್ಚಿ ಸಮೇತ ಎತ್ತಿದರು. ಶುಕ್ರವಾರವೂ ಹಾಗೇ ಆಯಿತು. ಅಂದು ಅಲ್ಲಿನ ಹಿರಿಯ ನರ್ಸ್ ನನ್ನನ್ನು ಪಕ್ಕಕ್ಕೆ ಕರೆದು, "ಆಂಟಿ, ನೆಕ್ಸ್ಟ್ ವೀಕ್ ಬ್ಯಾಕ್ ಡೋರ್ ಓನ್ಲಿ ಲಾ. ವಿ ಕೆನಾಟ್ ಲಿಫ್ಟ್" ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ಹೇಳಿದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಿಂದಿರುಗುವಾಗ ನನ್ನ ಬೆನ್ನ ಹಿಂದಿನಿಂದ ಅವರ ದನಿ ಬಂತು. ಅವರು ಧಾರವಾಡದವರು, ನಾನು ಮಂಗಳೂರಿನವಳು. ಐವತ್ತು ವರ್ಷ ಜೊತೆಗೆ ಬಾಳಿದರೂ ಇಬ್ಬರ ಕನ್ನಡವೂ ತಂತಮ್ಮ ಊರು ಬಿಟ್ಟಿಲ್ಲ.

"ಜ್ವಾಳದ ಚೀಲದ ಹಂಗ ಹೊತ್ತರು ನೋಡು. ಸೋಮವಾರ ನಾ ಬರೂದಿಲ್ಲ."

"ಎಂತ ಹೇಳ್ತೀರಿ ನೀವು?"

"ಒಂದ್ ಸಲ ತಪ್ಪಿದ್ರ ಏನೂ ಆಗೂದಿಲ್ಲ ಬಿಡು."

ನಾನು ಪಿನಾಂಗ್‌ನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿ ಕೆಲಸ ಮಾಡಿ ನಿವೃತ್ತಳಾದವಳು. ಒಂದು ಸಲ ತಪ್ಪಿಸಿದವರು ಎರಡನೆಯ ಸಲವೂ ತಪ್ಪಿಸುವುದನ್ನು, ಆಮೇಲೆ ಊದಿದ ಮೈಯಲ್ಲಿ ಏದುಸಿರು ಬಿಡುತ್ತ ಬರುವುದನ್ನು ಕಂಡಿದ್ದೇನೆ. ಅವರು ಹಟಕ್ಕೆ ಹೇಳಿದ ಮಾತಾಗಿದ್ದರೆ ಜಗಳವಾಡುತ್ತಿದ್ದೆ. ದನಿಯಲ್ಲಿ ಹಟವಿರಲಿಲ್ಲ. ಅದಕ್ಕೇ ಹೆದರಿದೆ.

ಮಗಳು ಆ ವಾರವೇ ಆನ್‌ಲೈನ್‌ನಲ್ಲಿ ತರಿಸಿದ್ದ ಹಿನ್ನೋಟದ ಕ್ಯಾಮೆರಾ ಶನಿವಾರ ಬಂತು. ಹೆಬ್ಬೆರಳ ಗಾತ್ರದ ಕ್ಯಾಮೆರಾ, ಅಂಗೈಯಗಲದ ಪರದೆ, ಉದ್ದನೆಯ ತಂತಿ, ಪೂರ್ತಿ ಚೀನೀ ಲಿಪಿಯಲ್ಲಿದ್ದ ಸೂಚನೆಯ ಕಾಗದ. ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ನಾವೇ ಕೂರಿಸುತ್ತೇವೆ ಎಂದಾಗ ಮಗಳು ಫೋನಿನಲ್ಲಿ ಗಾಬರಿಯಾದಳು.

"ಅಮ್ಮಾ, ವೆಯ್ಟ್ ಮಾಡಿ ಲಾ. ವರ್ಕ್‌ಶಾಪ್ ಓಪನ್ ಆದ್ಮೇಲೆ ಹಾಕಿಸೋಣ."

"ನಿನ್ನ ಅಪ್ಪನ ಕಿಡ್ನಿ ವೆಯ್ಟ್ ಮಾಡುವುದಿಲ್ಲ ಮಗಾ" ಎಂದೆ.

ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಪೂಜೆ ನೋಡಿ, ತಿಂಡಿ ಮುಗಿಸಿ, ಎಂಟೂವರೆಗೆ ಕೆಲಸಕ್ಕೆ ಇಳಿದೆವು. ಅವರ ಬೆರಳತುದಿಗಳಿಗೆ ಸ್ಪರ್ಶವಿಲ್ಲ. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಬೀಳಬಾರದು. ಆದ್ದರಿಂದ ಕೈಗಳು ನನ್ನವು, ಹುಕುಂ ಅವರದು. ಪೋರ್ಟಿಕೋದ ನೆರಳಿನಲ್ಲಿ ಮಡಿಲ ಮೇಲೆ ಒಂದು ಟವೆಲ್ ಹಾಸಿಕೊಂಡು, ದೊರೆಯ ಹಾಗೆ ಕೂತರು.

ಮುರಿದ ಒಳಹಲಗೆಯನ್ನು ಮೊದಲು ಬಿಚ್ಚಬೇಕು, ಕ್ಯಾಮೆರಾದ ತಂತಿ ಅದರ ಹಿಂದಿನಿಂದಲೇ ಹೋಗಬೇಕು ಎಂದರು. ಬೆಣ್ಣೆ ಹಚ್ಚುವ ಪ್ಲಾಸ್ಟಿಕ್ ಚಾಕುವನ್ನು ಅಂಚಿಗೆ ತೂರಿಸಿ, ಒಂದೊಂದೇ ಕ್ಲಿಪ್ ಎಬ್ಬಿಸಿದೆ. ತೆಗೆದದ್ದನ್ನೆಲ್ಲ ಸ್ಟೀಲ್ ತಟ್ಟೆಯಲ್ಲಿ ಸಾಲಾಗಿಟ್ಟು ಚೀಟಿಯಲ್ಲಿ ಬರೆದೆ: ಕ್ಲಿಪ್ ಹನ್ನೊಂದು, ಸ್ಕ್ರೂ ನಾಲ್ಕು. ಥಿಯೇಟರಿನಲ್ಲಿ ಹೊಟ್ಟೆ ಹೊಲಿಯುವ ಮುಂಚೆ ಕತ್ತರಿ, ಬಟ್ಟೆ ಎಲ್ಲವನ್ನೂ ಎಣಿಸಿ ಗಟ್ಟಿಯಾಗಿ ಹೇಳಬೇಕು. ಲೆಕ್ಕ ಸರಿಹೋಗದಿದ್ದರೆ ಎಷ್ಟು ದೊಡ್ಡ ಡಾಕ್ಟರಾದರೂ ಹೊಲಿಗೆ ಹಾಕುವಂತಿಲ್ಲ.

ಬಾಗಿಲಿನ ಮೇಲ್ಗಡೆ ಕ್ಯಾಮೆರಾ ಕೂರಿಸಿದೆ. ಕೆಂಪು ತಂತಿಯನ್ನು ರಿವರ್ಸ್ ದೀಪದ ತಂತಿಗೆ, ಕಪ್ಪನ್ನು ಲಾರಿಯ ಮೈಗೆ ಸೇರಿಸಿದೆ. ಉದ್ದನೆಯ ತಂತಿಯನ್ನು ಒಳಗೋಡೆಯ ಉದ್ದಕ್ಕೂ ಎಳೆದು, ಸ್ಟಿಯರಿಂಗ್ ಪಕ್ಕದ ಪರದೆಗೆ ಜೋಡಿಸಿದೆ.

"ಮುಚ್ಚೂಕಿಂತ ಮೊದ್ಲ ರಿವರ್ಸ್ ಗೇರ್ ಹಾಕಿ ನೋಡು" ಎಂದರು.

ಹಾಕಿದೆ. ಪರದೆ ಮಿಣಕ್ಕೆಂದು, ನಮ್ಮ ಗೇಟು, ಅದರಾಚೆಯ ರಸ್ತೆ, ಎದುರುಮನೆಯ ಬೆಕ್ಕು ಎಲ್ಲವೂ ಕಂಡವು. "ಶಭಾಷ್ ಸಿಸ್ಟರ್!" ಎಂದು ಕುರ್ಚಿಯ ತೋಳು ಬಡಿದರು. ಮದುವೆಗೆ ಮುಂಚಿನಿಂದಲೂ ಮೆಚ್ಚುಗೆಯಾದಾಗ ನನ್ನನ್ನು ಕರೆಯುವುದು ಹಾಗೆ.

ಆಮೇಲೆ ಹರಿದ ರೆಕ್ಸಿನ್. ಬಾಗಿದ ಸೂಜಿ, ಗಟ್ಟಿ ದಾರ. ಗೇಣುದ್ದದ ಹರಿದ ಗಾಯಕ್ಕೆ ಹದಿನಾರು ಹೊಲಿಗೆ ಬಿದ್ದವು, ಒಂದೊಂದಕ್ಕೂ ಪ್ರತ್ಯೇಕ ಗಂಟು. ಗಂಟಾದ ಕೂಡಲೇ ದಾರದ ತುದಿ ಕತ್ತರಿಸುವುದು ಕಲಿತ ವಿದ್ಯೆ. ಜೋತಾಡುವ ತುದಿ ಬಿಟ್ಟರೆ ನಮ್ಮ ಕಾಲದ ಮೇಟ್ರನ್ ಬೆರಳ ಗೆಣ್ಣಿಗೆ ಹೊಡೆಯುತ್ತಿದ್ದಳು. ಗಂಟು, ಕತ್ತರಿ, ಗಂಟು, ಕತ್ತರಿ. ಕೈ ಅದೇ ಓಟದಲ್ಲಿತ್ತು. ಹಲಗೆ ಮುಚ್ಚಲು ಹೋದಾಗ ಕ್ಯಾಮೆರಾದ ತಂತಿಯಿಂದ ಹಸಿರು ಎಳೆಯೊಂದು ಕುಣಿಕೆಯಾಗಿ ಹೊರಗೆ ಚಾಚಿಕೊಂಡಿದ್ದು ಕಂಡಿತು. ಯಾವುದಕ್ಕೂ ಸೇರಿಲ್ಲ, ಸುಮ್ಮನೆ ನೇತಾಡುತ್ತಿದೆ. ಅದನ್ನೂ ಚಕ್ಕನೆ ಕತ್ತರಿಸಿದೆ.

ಕ್ಲಿಪ್ ಎಣಿಸಿದೆ. ಹತ್ತೇ ಇದ್ದವು.

"ಹನ್ನೊಂದನೆಯದು ಎಲ್ಲಿ?"

"ಹತ್ತು ಸಾಕ ಬಿಡು. ಲಾರಿಗೇನ್ ನಂಜಾಗ್ತದೇನು?"

"ಸಿಕ್ಕದೆ ಮುಚ್ಚುವುದಿಲ್ಲ ಮಾರಾಯ್ರೆ."

ಕಾಲು ಗಂಟೆ ಮೊಣಕಾಲೂರಿ ಹುಡುಕಿದೆ. ಅದು ಅವರ ಮಡಿಲ ಟವೆಲಿನ ಮಡಿಕೆಯಲ್ಲಿತ್ತು. "ರೋಗಿ ನುಂಗಿದ್ನಲ್ಲ!" ಎಂದು ಅವರು ನಕ್ಕರು. ಹನ್ನೊಂದನ್ನೂ ಒತ್ತಿ ಕೂರಿಸಿ, ಸ್ಕ್ರೂ ಬಿಗಿದು, ಕೈ ತೊಳೆದೆ.

ಇನ್ನು ಓಡಿಸಿ ನೋಡುವುದು. ನಮ್ಮ ಗೇಟಿನ ಹೊರಗೆ, ಲಾರಿಯಲ್ಲಿ ಕೂತವರ ಎಡಗಡೆಗೆ, ಆಳವಾದ ಮಳೆನೀರಿನ ಚರಂಡಿ ಬಾಯಿ ತೆರೆದುಕೊಂಡಿದೆ. ಲಾರಿಯನ್ನು ಹಿಂದಕ್ಕೆ ಬಿಟ್ಟೆ. ಪರದೆಯಲ್ಲಿ ಚರಂಡಿ ಬಲಕ್ಕೆ ಕಂಡಿತು. ಅದರಿಂದ ದೂರ ಹೋಗಲು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದೆ. ಪರದೆಯನ್ನು ನಂಬಿದೆನೇ ಹೊರತು, ಈ ಮನೆಗೆ ಬಂದ ಮೂರು ವರ್ಷದಿಂದ ದಿನವೂ ನೋಡಿದ ಚರಂಡಿ ಯಾವ ಕಡೆಯಿದೆ ಎಂದು ಯೋಚಿಸಲಿಲ್ಲ.

"ನಿಲ್ಲಸ! ನಿಲ್ಲಸ! ಏ!"

ಪೋರ್ಟಿಕೋದಲ್ಲಿ ಕೂತಿದ್ದ ಅವರು ಅಷ್ಟು ಜೋರಾಗಿ ಕೂಗಿದ್ದನ್ನು ಕಾಲು ಹೋದ ಮೇಲೆ ನಾನು ಕೇಳಿರಲಿಲ್ಲ. ಬ್ರೇಕ್ ಒತ್ತಿ ಇಳಿದು ನೋಡಿದರೆ ಹಿಂಚಕ್ರಕ್ಕೂ ಚರಂಡಿಯ ಅಂಚಿಗೂ ನಾಲ್ಕು ಬೆರಳ ಅಂತರ. ಇದೇ ಪರದೆ ನಂಬಿ ನಾಳೆ ಅವರನ್ನು ಕೂರಿಸಿಕೊಂಡು ಹೋಗುವವಳಿದ್ದೆ.

ಲಾರಿಯನ್ನು ಮುಂದಕ್ಕೆ ತಂದು ನಿಲ್ಲಿಸಿದೆ. ಅವರು ಕುರ್ಚಿ ಉರುಳಿಸಿಕೊಂಡು ಬಂದು ಪರದೆ ನೋಡಿದರು. ಗೇಟು ನೋಡಿದರು. ಮತ್ತೆ ಪರದೆ.

"ಎಡಾ ಬಲಾ ಅದಲಬದಲ ಆಗ್ಯದ. ಮುಂಜಾನೆ ಸರಿ ಇತ್ತು, ಆ ಬೆಕ್ಕು ಸರಿಯಾದ ಕಡೇನ ಕೂತಿತ್ತು. ಆಮ್ಯಾಲ ಏನ್ ಮಾಡಿದಿ?"

"ಎಂತ ಮಾಡಲಿಲ್ಲ. ಹೊಲಿದೆ, ಮುಚ್ಚಿದೆ."

"ಏನರ ಕತ್ತರಿಸಿದೇನು?"

ಹಸಿರು ಕುಣಿಕೆಯ ವಿಷಯ ಹೇಳಿದೆ. ಬೈಗುಳಕ್ಕೆ ಕಾದೆ. ಅವರು ಭುಜ ಕುಲುಕುವಂತೆ ನಗತೊಡಗಿದರು. "ಅದು ದಾರ ಅಲ್ಲ, ಸ್ವಿಚ್! ಕೂಡಿದ್ರ ಕನ್ನಡಿಯೊಳಗ ನೋಡಿದಂಗ ಕಾಣಸ್ತದ, ಕತ್ತರಿಸಿದ್ರ ತಿರಗತದ. ಎಲ್ಲಾ ಎಣಸಿದಿ, ಕತ್ತರಿಸಿದ್ದೊಂದು ಎಣಸಲಿಲ್ಲ."

ಥಿಯೇಟರಿನಲ್ಲಿ ಮುಚ್ಚಿದ ಮೇಲೆ ಮತ್ತೆ ಬಿಚ್ಚಿ ನೋಡುವ ಪದ್ಧತಿಯಿಲ್ಲ. ಯಂತ್ರದವರಲ್ಲಿ ಮುಚ್ಚಿದ ಮೇಲೂ ಒಮ್ಮೆ ಓಡಿಸಿ ನೋಡುತ್ತಾರಂತೆ. ಅವತ್ತು ಗೊತ್ತಾಯಿತು.

ಮೂರು ಕ್ಲಿಪ್ ಬಿಚ್ಚಿ ಹಲಗೆ ಸರಿಸಿದೆ. "ತಾಮ್ರ ಕಾಣೂವಷ್ಟು ಸುಲಿ. ಇನ್ನೊಂಚೂರು. ಈಗ ಎರಡೂ ತಿರುವು" ಎಂದು ಹೇಳುತ್ತಾ ಹೋದರು. ತುದಿಗಳನ್ನು ಹೆಣೆದು ಟೇಪ್ ಸುತ್ತಿದೆ. ಚರಂಡಿ ಎಡಕ್ಕೆ ಬಂತು. ಊಟದ ಹೊತ್ತಿನವರೆಗೆ ಪೋರ್ಟಿಕೋದಿಂದ ರಸ್ತೆಗೆ, ರಸ್ತೆಯಿಂದ ಪೋರ್ಟಿಕೋಗೆ ಓಡಿಸಿದೆ. ಹನ್ನೆರಡನೆಯ ಸಲಕ್ಕೆ ಅವರು ಸಾಕು ಎಂದರು. ನಾಳೆ ಬರುತ್ತೀರಾ ಎಂದು ನಾನು ಕೇಳಲಿಲ್ಲ.

ಸೋಮವಾರ ಆರೂವರೆಗೆ ನಾನು ಕೋಣೆಗೆ ಹೋದಾಗ ಅವರು ಅಂಗಿ ತೊಟ್ಟು, ಮಾಸ್ಕ್ ಹಾಕಿ, ಕುರ್ಚಿಯಲ್ಲಿ ಕೂತಿದ್ದರು.

ಅಂಗಡಿ ಸಾಲಿನ ಹಿಂದೆ ಎರಡು ಕಂಬಗಳೂ ಪರದೆಯಲ್ಲಿ ಬಂದವು. ಅವುಗಳ ನಡುವಿನ ದಾರಿ ನಾನು ಅಂದುಕೊಂಡಿದ್ದಕ್ಕಿಂತ ಅಗಲವಾಗಿತ್ತು. ಒಂದೇ ಸಲಕ್ಕೆ, ನೇರ ಹಿಂದಕ್ಕೆ, ಲಾರಿ ಬಾಗಿಲಿನ ಮುಂದೆ ನಿಂತಿತು. ಕಾವಲುಗಾರ ಮೇಜಿನ ಹಿಂದಿನಿಂದಲೇ ಹೆಬ್ಬೆರಳೆತ್ತಿ, "ಬೋಲೇ ಲಾ, ಆಂಟಿ!" ಎಂದ, ನಿಮ್ಮಿಂದ ಆಗುತ್ತದಲ್ಲ ಎಂಬಂತೆ.

ಬಾಗಿಲು ಇಳಿಸಿದೆ. ಅವರನ್ನು ಯಾರೂ ಎತ್ತಲಿಲ್ಲ, ಯಾರೂ ಮುಟ್ಟಲಿಲ್ಲ. ಬಲಗೈಯಿಂದ ಬ್ರೇಕ್ ಸಡಿಲಿಸಿ ತಾವೇ ಮೆಲ್ಲಗೆ ಇಳಿಜಾರಿನಲ್ಲಿ ಉರುಳಿದರು. ಕೇಂದ್ರದ ಹೊಸಿಲು ದಾಟುವ ಮುಂಚೆ ಕುರ್ಚಿ ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಬುಧವಾರ ಹತ್ತು ನಿಮಿಷ ತಡವಾಗಿ ಹೊರಡೋಣು. ಈಗ ಗಾಡಿ ಹಿಂದಕ್ಕ ತಗ್ಯಾಕ ಅಷ್ಟು ಹೊತ್ತು ಬೇಕಾಗೂದಿಲ್ಲ."

ಜೀವನಪರ್ಯಂತ ತಡವನ್ನು ಸಹಿಸದ ನಾನು, ಆಗಲಿ ಎಂದೆ.