ಉಡಚವ್ವನ ಹಗುರ ಕೈ

ಬ್ಯಾಡಗಿಯ ಬಿಸಿಲಿಗೆ ಬಣ್ಣವಿದೆ ಎಂದರೆ ಹೊರಗಿನವರು ನಗುತ್ತಾರೆ. ನಗಲಿ. ಫೆಬ್ರವರಿಯ ಒಂದು ಮಧ್ಯಾಹ್ನ ನಮ್ಮ ಓಣಿಯ ಅಂಗಳಕ್ಕೆ ಬಂದು ನೋಡಲಿ. ಮೆಣಸಿನಕಾಯಿ ರಾಶಿಯ ಕೆಂಪು ಗೋಡೆಗೆ ಏರಿ, ತಾಡಪತ್ರಿಯ ನೆರಳಿಗೆ ಇಳಿದು, ಅಲ್ಲಿ ಕುಳಿತ ಹೆಂಗಸರ ಮುಖದ ಮೇಲೆ ತೂಕಡಿಸುತ್ತಿರುತ್ತದೆ. ಆ ಕೆಂಪಿನಲ್ಲಿ ಮೂವತ್ತು ವರ್ಷ ಕುಳಿತವಳು ಉಡಚವ್ವ. ಕಾಯಿಯ ತೊಟ್ಟು ಬಿಡಿಸುವುದು ಅವಳ ಕೆಲಸ. ತೊಟ್ಟಿಗೆ ನಮ್ಮಲ್ಲಿ ತುಂಬು ಎನ್ನುತ್ತಾರೆ. ನಾನು ಹಾರ್ಮೋನಿಯಂ ಮಾಸ್ತರ ಪ್ರೇಮಕುಮಾರ. ನನ್ನ ಪಾಠದ ಕೋಣೆಯ ಕಿಟಕಿ ಆ ಅಂಗಳಕ್ಕೇ ತೆರೆಯುತ್ತದೆ.

೨೦೦೬ರ ಮಾತು. ಇಪ್ಪತ್ತು ವರ್ಷ ಬೇರೆಯವರ ಹಾಡಿಗೆ ಸಾಥ್ ನೀಡಿದ ನನಗೆ ಏಪ್ರಿಲ್‌ನಲ್ಲಿ ಹಾವೇರಿಯಲ್ಲಿ ಮೊದಲ ಸಲ ಒಬ್ಬನೇ ನುಡಿಸುವ ಕಛೇರಿ ನಿಗದಿಯಾಗಿತ್ತು. ಕೈ ನೋಯದಿದ್ದರೆ ಆ ಅಭ್ಯಾಸ ರಿಯಾಜೇ ಅಲ್ಲ ಎಂದು ನಂಬಿದ್ದ ಮೂರ್ಖ ನಾನು. ಮಣಿಕಟ್ಟು ನೋಯತೊಡಗಿದಾಗ ಬಟ್ಟೆ ಬಿಗಿದು ಇನ್ನೆರಡು ತಾಸು ಹೆಚ್ಚು ನುಡಿಸಿದೆ. ಕೊನೆಗೆ ಚಹಾದ ಕಪ್ಪು ಹಿಡಿದರೂ ಬೆರಳು ನಡುಗಿದವು.

“ಎರಡ ವಾರ ಹಾರ್ಮೋನಿಯಂ ಪೆಟಗಿ ಮುಟ್ಟಬ್ಯಾಡ್ರಿ,” ಎಂದರು ರಾಣೇಬೆನ್ನೂರಿನ ಡಾಕ್ಟರು. “ಆಮ್ಯಾಲೆ ನುಡಸೂ ರೀತಿ ಬದಲ ಮಾಡ್ರಿ. ಇಲ್ಲಾಂದ್ರ ಈ ಕೈ ನಿಮಗ ಉಳಿಯೂದಿಲ್ಲ.”

ಯಾವ ರೀತಿ ಎಂಬುದು ಅವರಿಗೂ ಗೊತ್ತಿರಲಿಲ್ಲ. ನಾನು ಕಿಟಕಿಯ ಬಳಿ ಕುಳಿತೆ. ಖಾರದ ಘಾಟು, ಒಣ ಕಾಯಿಗಳ ಸರಬರ ಸದ್ದಿನ ನಡುವೆ ಅರೆಗಣ್ಣಿನಲ್ಲಿ ದಿನಗಳು ಕಳೆದವು. ಆ ಮಂಪರಿನಲ್ಲಿ ಉಡಚವ್ವನ ಕೈ ಕಂಡಿತು. ತೊಟ್ಟು ಮುರಿಯುವಷ್ಟೇ ಹೊತ್ತು ಬಿಗಿ, ಮರುಗಳಿಗೆ ಸಡಿಲ. ಬುಟ್ಟಿ ತುಂಬಿದಾಗಲೆಲ್ಲ ಎದ್ದು ಕೈ ಜಾಡಿಸಿ, ನಡು ನೆಟ್ಟಗೆ ಮಾಡಿ, ಮಗ್ಗುಲು ಬದಲಿಸಿ ಕೂರುತ್ತಿದ್ದಳು. ಹೊಟ್ಟೆಕಿಚ್ಚಾಯಿತು, ಸುಳ್ಳೇಕೆ ಹೇಳಲಿ.

“ನಿನಗ ಕೈ ನೋಯೂದಿಲ್ಲೇನ, ಉಡಚವ್ವ?”

“ಹೊಸದಾಗಿ ಬಂದಾಗ ಭಾಳ ನೋಯತಿತ್ರಿ. ತುಂಬು ನನ್ನ ವೈರಿ ಅನ್ನೂಹಂಗ ಹಿಚಕತಿದ್ನಿ. ಅದು ಹಗೂರ ತಿರವಿದ್ರ ತಾನ ಬರತೈತ್ರಿ.” ಅವಳು ಬುಟ್ಟಿ ಸರಿಸಿದಳು. “ನಿಮ್ಮನ್ನ ನೋಡೇನ್ರಿ ಮಾಸ್ತರ. ಪೆಟಗಿ ಮುಂದ ಕುಂತ್ರ ಹೆಗಲ ಕಿವಿಗೆ ಹತ್ತತೈತಿ. ಉಸರೂ ಬಿಡೂದಿಲ್ಲ. ಅದೇನ ಕಚ್ಚತೈತೇನ್ರಿ?”

ಅಂಗಳಕ್ಕೆ ಅಂಗಳವೇ ನಕ್ಕಿತು. ಹಾರ್ಮೋನಿಯಂ ಮುಟ್ಟಿಯೂ ನೋಡದವಳು ನನಗೆ ಪಾಠ ಹೇಳುವುದೇ! ಕಿಟಕಿ ದಢಾರನೆ ಮುಚ್ಚಿದೆ. ಮರುದಿನ ಕದ್ದು ಪೆಟ್ಟಿಗೆಯ ಮುಂದೆ ಕುಳಿತು ಬೆರಳಿಟ್ಟೆ. ಹೆಗಲು ಕಿವಿಯ ಹತ್ತಿರವೇ ಇತ್ತು, ಉಸಿರು ಗಂಟಲಲ್ಲೇ ನಿಂತಿತ್ತು. ನಾಚಿಕೆಯಾಗಿ ಕಿಟಕಿ ತೆರೆದೆ.

ಎರಡು ವಾರ ಮುಗಿದ ಮೇಲೆ ಮೊದಲಿನಿಂದ ಕಲಿತೆ. ಪೆಟ್ಟಿಗೆಯನ್ನು ಮಣೆಯ ಮೇಲಿಟ್ಟು ಮೊಣಕೈ ಸಮಕ್ಕೆ ತಂದೆ. ಒಂದು ಬುಟ್ಟಿ ತುಂಬುವಷ್ಟು ಹೊತ್ತು ನುಡಿಸುವುದು, ಎದ್ದು ಕೈ ಜಾಡಿಸುವುದು. ನಾನು ಮರೆತಾಗ ಕೆಂಪು ಬಿಸಿಲಿನ ಆಚೆಯಿಂದ ಕೂಗು ಬರುತ್ತಿತ್ತು: “ಹೆಗಲ, ಮಾಸ್ತರ!”

ಹಾವೇರಿಯಲ್ಲಿ ಒಂದು ತಾಸು ನುಡಿಸಿದೆ. ವೇಗದ ದ್ರುತ್ ಲಯಕ್ಕೆ ಬಂದಾಗ ಹೆಗಲು ಏರತೊಡಗಿತು. ಆ ಕೂಗು ನೆನಪಾಗಿ ಉಸಿರು ಬಿಟ್ಟೆ. ಕೊನೆಯ ಸ್ವರದವರೆಗೂ ಕೈ ನೋಯಲಿಲ್ಲ.

ಮರುದಿನ ಉಡಚವ್ವನನ್ನು ಕೋಣೆಗೆ ಕರೆದು ಪೆಟ್ಟಿಗೆಯ ಮುಂದೆ ಕೂರಿಸಿದೆ.

“ಬ್ಯಾಡ್ರಿ, ಖಾರದ ಕೈ,” ಎಂದು ಎದ್ದು ಹೋಗಿ ಮೂರು ಸಲ ತೊಳೆದುಕೊಂಡು ಬಂದಳು. ಒಂದು ಬಿಳಿ ಕೀಯ ಮೇಲೆ ಬೆರಳಿಟ್ಟಳು. ಸಾವಿರಾರು ಕಾಯಿಗೆ ಅಳುಕದ ಆ ಕೈ ಕಟ್ಟಿಗೆಯಾಯಿತು. ಹೆಗಲು ಕಿವಿಗೆ ಹತ್ತಿತು, ಉಸಿರು ನಿಂತಿತು. ಬಹಳ ಬೇಕೆಂದಾಗಲೇ ಕೈ ಹೀಗೆ ಬಿಗಿಯುವುದು; ಇದನ್ನು ನುಡಿಸುವ ಆಸೆ ಅವಳಿಗೆ ಎಷ್ಟು ವರ್ಷದಿಂದಿತ್ತೆಂದು ಆಗ ತಿಳಿಯಿತು. ನಾನು ಎದುರು ಕುಳಿತು ಪೆಟ್ಟಿಗೆಯ ತಿದಿ ಒತ್ತತೊಡಗಿದೆ.

“ಹೆಗಲ, ಉಡಚವ್ವ,” ಎಂದೆ.

ಅವಳು ನಕ್ಕಳು. ಉಸಿರು ಬಂತು, ಅದರ ಹಿಂದೆಯೇ ಷಡ್ಜವೂ ಬಂತು. ಅವಳು ಬೆರಳು ತೆಗೆಯಲಿಲ್ಲ; ನಾನೂ ತಿದಿ ಒತ್ತುವುದನ್ನು ನಿಲ್ಲಿಸಲಿಲ್ಲ.