ಟೆರೆಲ್ ಹಾಡು ಹಾಕುತ್ತಿದ್ದ ಭಾನುವಾರಗಳು

ನಾವಿನ್ನೂ ಅಟ್ಲಾಂಟಾದ ಪೂರ್ವಕ್ಕಿದ್ದ ಹಳೆಯ ಅಪಾರ್ಟ್‌ಮೆಂಟ್ ಒಂದರಲ್ಲಿ ಬಾಡಿಗೆಗಿದ್ದ ಕಾಲ ಅದು. ಮೈಸೂರಿಗೆ ಮಾತಾಡಬೇಕಾದರೆ ಕಾಲಿಂಗ್ ಕಾರ್ಡನ್ನು ನಾಣ್ಯದಿಂದ ಕೆರೆದು ಉದ್ದುದ್ದ ನಂಬರ್ ಒತ್ತಬೇಕಿತ್ತು. ನನಗಾಗ ಒಂಬತ್ತು ವರ್ಷ. ಅಪ್ಪನಿಗೆ ಸಾಫ್ಟ್‌ವೇರ್ ಕಾಂಟ್ರಾಕ್ಟ್ ಕೆಲಸ; ಅವರ ಜತೆ ಬಂದವರಲ್ಲಿ ಅರ್ಧ ಜನ ಆಗಲೇ ಕೆಲಸ ಕಳೆದುಕೊಂಡು ವಾಪಸಾಗಿದ್ದರು. ಅಮ್ಮ ಮೈಸೂರಿನಲ್ಲಿ ಓದಿ ಎಚ್.ಡಿ. ಕೋಟೆಯ ಆಸ್ಪತ್ರೆಯಲ್ಲಿ ಡಾಕ್ಟರಾಗಿದ್ದವಳು. ಇಲ್ಲಿ ಅಪ್ಪನ ವೀಸಾದ ಬಾಲ ಹಿಡಿದು ಬಂದವಳಾದ್ದರಿಂದ ಕೆಲಸ ಮಾಡುವಂತಿರಲಿಲ್ಲ. ಅಪ್ಪನನ್ನು ಆಫೀಸಿಗೆ, ನನ್ನನ್ನು ಸ್ಕೂಲಿಗೆ ಕಳಿಸಿದ ಮೇಲೆ ಇಲ್ಲಿನ ವೈದ್ಯಕೀಯ ಪರೀಕ್ಷೆಯ ದಪ್ಪ ಪುಸ್ತಕಗಳನ್ನು ಅಡುಗೆಮನೆಯ ಟೇಬಲ್ ಮೇಲೆ ಹರಡಿಕೊಂಡು ಕೂರುತ್ತಿದ್ದಳು.

ಮೇಲಿನ ಮನೆಯಲ್ಲಿ ಮಿಸ್ ಅರ್ನೆಸ್ಟೀನ್ ಎಂಬ ಅಜ್ಜಿ, ಅವರ ಮೊಮ್ಮಗ ಟೆರೆಲ್. ಕಪ್ಪು ಜನ. ಟೆರೆಲ್‌ಗೆ ಹತ್ತೊಂಬತ್ತು ಇರಬೇಕು. ಅವನ ಓರಗೆಯವರೆಲ್ಲ ಮೊಣಕಾಲು ಮುಟ್ಟುವ ಟೀಶರ್ಟು, ಸೊಂಟದಿಂದ ಜಾರುವ ಜೀನ್ಸು ಹಾಕಿಕೊಂಡು ಓಡಾಡುತ್ತಿದ್ದರೆ, ಇವನದು ತೀರಿಹೋದ ತಾತನ ಅಗಲ ಕಾಲರಿನ ಶರಟು, ಬೆಲ್‌ಬಾಟಮ್ ಪ್ಯಾಂಟು, ದುಂಡಗೆ ಬೆಳೆಸಿದ ಗುಂಗುರು ಕೂದಲು. ಕಾಂಪ್ಲೆಕ್ಸಿನ ಹುಡುಗರು ರೇಗಿಸಿದರೆ ನಗುತ್ತಿದ್ದ. ತಾತ ಬಿಟ್ಟುಹೋದ ಕಪ್ಪು ಜನರ ಹಳೆಯ ‘ಸೋಲ್’ ಸಂಗೀತದ ರೆಕಾರ್ಡುಗಳು ಹಾಲಿನ ಕ್ರೇಟುಗಳಲ್ಲಿ ಅವನ ಹಾಸಿಗೆಯ ಸುತ್ತ ಗೋಡೆಯಂತೆ ನಿಂತಿದ್ದವು.

ಒಂದು ದಿನ ಅವನು ಮೆಟ್ಟಿಲ ಮೇಲೆ ತೊಡೆ ಒತ್ತಿಕೊಂಡು ಕೂತಿದ್ದ. ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದ ಅಮ್ಮ ಅವನ ಹಳದಿಗಟ್ಟಿದ ಕಣ್ಣು ನೋಡಿ ನಿಂತಳು.

“ನಿನಗೆ ಸಿಕಲ್ ಸೆಲ್ ಇದೆಯಾ?”

ಅವನು ಬೆಚ್ಚಿಬಿದ್ದ. “ನಿಮಗೆ ಹೇಗೆ ಗೊತ್ತಾಯ್ತು?”

“ನಾನು ಡಾಕ್ಟರ್.”

ಅಮೆರಿಕಕ್ಕೆ ಬಂದ ಮೇಲೆ ಅಮ್ಮನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಆ ಕಾಯಿಲೆಯವರಿಗೆ ರಕ್ತದ ಕಣಗಳು ಕುಡುಗೋಲಿನ ಹಾಗೆ ಬಾಗಿ ರಕ್ತನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಮೂಳೆ ಮುರಿದಷ್ಟು ನೋವಾಗುತ್ತದೆ ಎಂದು ಊಟಕ್ಕೆ ಕೂತಾಗ ಹೇಳಿದಳು. ಎಚ್.ಡಿ. ಕೋಟೆಯ ಕಾಡಂಚಿನ ಬುಡಕಟ್ಟು ಹಾಡಿಗಳಿಂದ ಬರುತ್ತಿದ್ದ ಮಕ್ಕಳಲ್ಲಿ ಅದನ್ನು ನೋಡಿದ್ದಳಂತೆ.

ಆವತ್ತಿನಿಂದ ಟೆರೆಲ್ ಅವಳನ್ನು ‘ಡಾಕ್’ ಎಂದೇ ಕರೆದ. ಅಮ್ಮ ಮೇಲಕ್ಕೆ ಚಿತ್ರಾನ್ನ ಕಳಿಸಿದರೆ, ಮಿಸ್ ಅರ್ನೆಸ್ಟೀನ್ ನಮಗೆಂದೇ ಮಾಂಸ ಹಾಕದೆ ಬೇಯಿಸಿದ ಸೊಪ್ಪು, ಬಿಸಿ ಮುಸುಕಿನ ಜೋಳದ ಬ್ರೆಡ್ಡು ಕಳಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಗಾಲಿ ಸ್ಕೇಟ್ಸ್ ಕಟ್ಟಿಕೊಂಡು ಸುತ್ತುವ ಹತ್ತಿರದ ರಿಂಕಿನಲ್ಲಿ ಟೆರೆಲ್ ಹಾಡು ಹಾಕುತ್ತಿದ್ದ. ಆ ಹೊತ್ತು ಹಳೆಯ ಹಾಡುಗಳಿಗೇ ಮೀಸಲು. ಪಾಪ್‌ಕಾರ್ನ್ ಬೆಣ್ಣೆ, ಬೆವರಿನ ಕಾಲುಚೀಲ, ನೆಲದ ಪಾಲಿಶು ಎಲ್ಲ ಸೇರಿದ ಒಂದು ವಾಸನೆ ಬಾಗಿಲಲ್ಲೇ ಮುಖಕ್ಕೆ ಬಡಿಯುತ್ತಿತ್ತು. ತಾತಂದಿರು, ಅಜ್ಜಿಯರು ಇಸ್ತ್ರಿ ಮಾಡಿದ ಪ್ಯಾಂಟು, ಹೊಳೆಯುವ ಶರಟು ತೊಟ್ಟು ಸಾಲಾಗಿ, ಹಿಮ್ಮುಖವಾಗಿ, ಒಬ್ಬರ ಸೊಂಟ ಒಬ್ಬರು ಹಿಡಿದು ನೀರಿನ ಹಾಗೆ ಹರಿಯುತ್ತಿದ್ದರು. ಟೆರೆಲ್ ನನ್ನನ್ನು ಪಕ್ಕದ ಸ್ಟೂಲಿನ ಮೇಲೆ ಕೂರಿಸಿಕೊಳ್ಳುತ್ತಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಹಾಡು ನಿಂತು ಡ್ರಮ್ ಮಾತ್ರ ಉಳಿಯುವ ತುಣುಕನ್ನು ಒಂದಾದ ಮೇಲೊಂದು ತಿರುಗಿಸುತ್ತ ಕೇಳುತ್ತಿದ್ದ:

“ಕೇಳಿಸ್ತಾ? ನಿಮ್ಮ ಸ್ಕೂಲ್ ಬಸ್ಸಲ್ಲಿ ಎಲ್ಲರೂ ಹಾಡೋ ರ‍್ಯಾಪ್ ಇದೆಯಲ್ಲ, ಅದು ಹುಟ್ಟಿದ್ದು ಈ ಸಂದಿಯಲ್ಲಿ. ಇದು ತಾತಂದು. ನಾವು ಬರೀ ಉದ್ದ ಮಾಡಿದ್ದೇವೆ, ಅಷ್ಟೆ.”

ಅಮ್ಮ ಮೊದಲೆರಡು ವಾರ ಗೋಡೆ ಹಿಡಿದೇ ನಿಂತಿದ್ದಳು. ಆಮೇಲೊಂದು ಭಾನುವಾರ ಮಿಸ್ ಅರ್ನೆಸ್ಟೀನ್ ಅವಳ ಎರಡೂ ಕೈ ಹಿಡಿದು ಎಳೆದುಕೊಂಡು ಹೋದರು. ದುಪಟ್ಟಾ ಸೊಂಟಕ್ಕೆ ಬಿಗಿದು ಅಮ್ಮ ಒಂದು ಸುತ್ತು ಬಂದಳು, ಬಿದ್ದಳು, ಎದ್ದಳು, ಮತ್ತೆ ಬಂದಳು. “ಪುಟ್ಟಿ, ನೋಡೇ! ಬಿಟ್ಟುಬಿಟ್ಟೆ ಕೈ!” ಎಂದು ಕನ್ನಡದಲ್ಲಿ ಕೂಗಿದಳು. ಅಪ್ಪನಿಗೆ ಇದು ಹಿಡಿಸುತ್ತಿರಲಿಲ್ಲ. “ಆ ಏರಿಯಾ ಸರಿಯಿಲ್ಲ ಅಂತಾರೆ ಎಲ್ಲರೂ” ಎನ್ನುತ್ತಿದ್ದರು. ಆದರೂ ಸಾಯಂಕಾಲ ಬಂದು ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದರು.

ನವೆಂಬರಿನ ಒಂದು ಭಾನುವಾರ, ಚಳಿ ಒಮ್ಮೆಗೇ ಏರಿತ್ತು. ಹಾಡು ಮುಗಿಯಿತು, ಮುಂದಿನ ಹಾಡು ಬರಲಿಲ್ಲ. ಸೂಜಿ ಖಾಲಿ ಗೀರಿನಲ್ಲಿ ಕರಕರ ಸುತ್ತುತ್ತಿತ್ತು. ಟೆರೆಲ್ ಟೇಬಲ್ ಮೇಲೆ ತಲೆಯಿಟ್ಟಿದ್ದ. ಅಮ್ಮ ಸ್ಕೇಟ್ಸ್ ಕಾಲಲ್ಲೇ ಓಡಿಬಂದು ಅವನ ಬೆನ್ನಿಗೆ ಕಿವಿಯಿಟ್ಟಳು.

“ಉಸಿರೆಳೆದರೆ ಎದೆ ನೋಯುತ್ತಾ?”

“ಹೂಂ, ಡಾಕ್.”

ಅಷ್ಟರಲ್ಲಿ ಅಪ್ಪ ಬಂದಿದ್ದರು. ಅವರ ಕಾರಿನಲ್ಲೇ ಎಲ್ಲರೂ ಆಸ್ಪತ್ರೆಗೆ ಹೋದೆವು. ಎಮರ್ಜೆನ್ಸಿಯ ಕೌಂಟರಿನಲ್ಲಿದ್ದ ಹೆಂಗಸು ಕಂಪ್ಯೂಟರ್ ನೋಡಿ, “ಹೋದ ತಿಂಗಳೂ ನೋವಿನ ಇಂಜೆಕ್ಷನ್‌ಗೆ ಬಂದಿದ್ದ ಅಲ್ವಾ?” ಎಂದಳು. ನೋವಿನ ಮದ್ದಿನ ಚಟದವನೆಂದು ಅನುಮಾನಿಸಿದವಳಂತೆ, ಕೂತಿರಲು ಹೇಳಿದಳು. ಅವನ ಶರಟಿನ ಬಣ್ಣ, ಕೂದಲು ಎಲ್ಲವನ್ನೂ ಅವಳ ಕಣ್ಣು ಅಳೆದದ್ದು ನನಗೂ ಕಂಡಿತು. ನಾವು ಕೂತೆವು. ಕೈ ಕುಯ್ದುಕೊಂಡವರು, ಕಾಲು ಉಳುಕಿದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಟೆರೆಲ್‌ನ ಉಸಿರು ಸಣ್ಣಸಣ್ಣದಾಗಿ ಹೊರಡುತ್ತಿತ್ತು.

ಅಮ್ಮ ಎದ್ದು ಕೌಂಟರಿಗೆ ಹೋದಳು. “ಇದು ಬರೀ ನೋವಲ್ಲ, ಶ್ವಾಸಕೋಶಕ್ಕೆ ಇಳಿದಿದೆ. ಅವನಿಗೆ ಈಗಲೇ ಆಕ್ಸಿಜನ್ ಬೇಕು.”

“ನೀವು ಯಾರು?”

“ಡಾಕ್ಟರ್.”

“ಯಾವ ಆಸ್ಪತ್ರೆಯಲ್ಲಿ?”

ಅಪ್ಪ ಹಿಂದಿನಿಂದ ಬಂದು ಅಮ್ಮನ ತೋಳು ಹಿಡಿದರು. “ಸುಮಾ, ಬಾ ಕೂತ್ಕೋ. ಲೈಸೆನ್ಸ್ ಇಲ್ಲದೆ ಡಾಕ್ಟರ್ ಅಂತ ಹೇಳ್ಕೊಂಡ್ರೆ ಕೇಸ್ ಆಗುತ್ತೆ. ಗ್ರೀನ್ ಕಾರ್ಡ್ ಅಪ್ಲೈ ಮಾಡಿದೀವಿ. ನಮ್ಮನ್ನ ವಾಪಸ್ ಕಳಿಸ್ತಾರೆ ಅಷ್ಟೆ.”

“ಹುಡುಗ ಸಾಯ್ತಾನೆ ರೀ.”

“ನೋಡ್ತಾರೆ ಅವ್ರು. ಅವ್ರ ಕೆಲಸ ಅದು.”

ಅಮ್ಮ ಬಂದು ಕೂತಳು. ಮಿಸ್ ಅರ್ನೆಸ್ಟೀನ್ ಮೊಮ್ಮಗನ ಬೆನ್ನು ನೀವುತ್ತ, ನಮ್ಮ ಕನ್ನಡ ಅರ್ಥವಾಗದೆ, ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡುತ್ತಿದ್ದರು. ಕೊನೆಗೆ ಅವನ ತುಟಿ ಬೂದಿಯ ಬಣ್ಣಕ್ಕೆ ತಿರುಗಿದಾಗ ಯಾರೋ ಗಾಲಿಕುರ್ಚಿ ತಂದರು. ಮಂಗಳವಾರ ನಾನು ಸ್ಕೂಲಿನಿಂದ ಬಂದಾಗ ಮೇಲಿನ ಮನೆ ತುಂಬ ಜನವಿದ್ದರು. ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಟೆರೆಲ್ ಇನ್ನಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಲಿಲ್ಲ.

ಅಂತ್ಯಕ್ರಿಯೆಯ ದಿನ ಅಪ್ಪ ಆಫೀಸಿಗೆ ಹೋದರು. ಚರ್ಚಿಗೆ ನಾನು, ಅಮ್ಮ ಬಸ್ಸಿನಲ್ಲಿ ಹೋದೆವು. ರಿಂಕಿನ ತಾತಂದಿರೆಲ್ಲ ಹೊಳೆಯುವ ಶರಟು ಬಿಟ್ಟು ಕರೀ ಸೂಟಿನಲ್ಲಿ ಬಂದಿದ್ದರು. ಮಿಸ್ ಅರ್ನೆಸ್ಟೀನ್ ಅಮ್ಮನ ಕೈ ಹಿಡಿದು ಎಬ್ಬಿಸಿ, ಎಲ್ಲರಿಗೂ ಕೇಳುವಂತೆ, “ಇವರು ನನ್ನ ಟೆರೆಲ್‌ನ ಡಾಕ್ಟರ್” ಎಂದರು. ಜನ ತಲೆಬಾಗಿ ಅಮ್ಮನಿಗೆ ಥ್ಯಾಂಕ್ಸ್ ಹೇಳಿದರು. ಅಮ್ಮ ಮನೆಗೆ ಬಂದವಳೇ ಟೇಬಲ್ ಮೇಲಿದ್ದ ಪುಸ್ತಕಗಳನ್ನು ಒಂದು ಪೆಟ್ಟಿಗೆಗೆ ತುಂಬಿ ಟೇಪ್ ಹಚ್ಚಿದಳು.

ಮಿಸ್ ಅರ್ನೆಸ್ಟೀನ್ ಸೌತ್ ಕ್ಯಾರೊಲೈನಾದ ತಂಗಿಯ ಮನೆಗೆ ಹೊರಟುಹೋದರು. ಕೆಲವು ವರ್ಷ ಅಮ್ಮ ಫೋನ್ ಮಾಡುತ್ತಿದ್ದಳು. ಆಮೇಲೆ ಆ ನಂಬರ್ ಇಲ್ಲವಾಯಿತು. ರಿಂಕ್ ಮುಚ್ಚಿ ಸಾಮಾನಿಡುವ ಗೋದಾಮಾಗಿದೆ. ನಮಗೆ ಗ್ರೀನ್ ಕಾರ್ಡ್ ಬಂತು, ಅನುಕೂಲಸ್ಥರ ಉಪನಗರ ಜಾನ್ಸ್ ಕ್ರೀಕಿನಲ್ಲಿ ದೊಡ್ಡ ಮನೆ ಬಂತು. ಪರೀಕ್ಷೆ ಬರೆಯಲು ಆಗ ಅಮ್ಮನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವಳು ಬರೆಯಲಿಲ್ಲ. ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಬಿಲ್ಲು ನೋಡುವ ಕೆಲಸಕ್ಕೆ ಸೇರಿದಳು.

ಹೋದ ವರ್ಷ ನಮ್ಮವರೊಬ್ಬರ ಮನೆಯಲ್ಲಿ ಐವತ್ತನೇ ಹುಟ್ಟುಹಬ್ಬ, ಹಳೆಯ ಕಾಲದ ವೇಷ ಹಾಕುವ ‘ರೆಟ್ರೋ’ ಪಾರ್ಟಿ. ಅಂಕಲ್‌ಗಳೆಲ್ಲ ಅಗಲ ಕಾಲರು, ತಲೆಗೆ ಗುಂಗುರು ಕೂದಲಿನ ವಿಗ್ಗು ಹಾಕಿಕೊಂಡು, ಸೋಲ್ ಹಾಡಿಗೆ ಕುಣಿಯುತ್ತಿದ್ದರು. ಆಂಟಿಯರು ನಕ್ಕು ನಕ್ಕು ಫೋಟೋ ತೆಗೆದರು. ಅಮ್ಮ ಊಟಕ್ಕೂ ನಿಲ್ಲದೆ ಹೊರಟಳು. ಅಪ್ಪ ಡ್ರೈವ್ ಮಾಡುತ್ತಿದ್ದರು, ನಾನು ಹಿಂದಿನ ಸೀಟಿನಲ್ಲಿದ್ದೆ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅಮ್ಮ ಆವತ್ತಿನ ಆಸ್ಪತ್ರೆಯ ಮಾತೆತ್ತಿದಳು.

“ಇನ್ನೊಂದ್ಸಲ ಎದ್ದು ಹೋಗಿ ಕೇಳ್ಬೇಕಿತ್ತು ನಾನು.”

ಅಪ್ಪ ಕಾರನ್ನು ನಿಧಾನಕ್ಕೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದರು. ಸ್ಟೀರಿಂಗ್ ಬಿಡಲಿಲ್ಲ.

“ನೀನು ಎದ್ದಿದ್ದೆ ಸುಮಾ. ಕೂರಿಸಿದ್ದು ನಾನು.”